ಅಂಗೈ ಗಣಕದಲ್ಲಿ ಬರೆದ ಸಂದೇಶ ಜೇಬಿನ ಫೋನಿನಿಂದ ಹೊರಟಾಗ

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಸಿಮ್ ಕಾರ್ಡ್ ಇಲ್ಲದ, ದೂರವಾಣಿ ಸಂಖ್ಯೆಯೇ ಇಲ್ಲದ ಒಂದು ಉಪಕರಣದಿಂದ ನಿಮ್ಮ ಸ್ನೇಹಿತನ ಮೊಬೈಲಿಗೆ ಎಸ್‌ಎಂಎಸ್ ಕಳುಹಿಸಲು ಸಾಧ್ಯವೇ? ಸಾಧ್ಯವಾದರೆ, ಅದು ಯಾರ ಹೆಸರಿನಲ್ಲಿ ಹೋಗಿ ತಲುಪುತ್ತದೆ?

ಮೊದಲನೆಯ ಪ್ರಶ್ನೆಗೆ ಉತ್ತರ, ಸಾಧ್ಯ. 2002ರ ಸುಮಾರಿಗೆ ಜಗತ್ತಿನ ಅನೇಕರು ದಿನನಿತ್ಯ ಹಾಗೆ ಮಾಡುತ್ತಿದ್ದರು. ಎರಡನೆಯ ಪ್ರಶ್ನೆ ಸ್ವಲ್ಪ ಗಂಭೀರವಾದದ್ದು. ಅದಕ್ಕೆ ಉತ್ತರ ಹೇಳಬೇಕಾದರೆ ಸಂದೇಶ ಸಾಗುವ ದಾರಿಯನ್ನು ಮೊದಲಿನಿಂದ ನೋಡಬೇಕು. ಇಂದು ನಿಮ್ಮ ಮಣಿಕಟ್ಟಿನ ಗಡಿಯಾರದಲ್ಲಿ, ಮನೆಯ ಕಾರಿನ ಪರದೆಯಲ್ಲಿ, ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿರುವುದೂ ಇದೇ ಕೆಲಸ. ಆದರೆ ಈಗಿನ ಉಪಕರಣಗಳು ಒಳಗಿನ ವ್ಯವಹಾರವನ್ನು ಚೆನ್ನಾಗಿ ಮುಚ್ಚಿಟ್ಟಿರುತ್ತವೆ. ಹಳೆಯ ಅಂಗೈ ಗಣಕದಲ್ಲಿ ಅದು ಬಿಡಿಬಿಡಿಯಾಗಿ ಕಾಣುತ್ತಿತ್ತು. ಕಲಿಯುವವರಿಗೆ ಹಳೆಯದೇ ಅನುಕೂಲ.

ಎರಡು ಪೆಟ್ಟಿಗೆಗಳ ಕಾಲ

ಆ ದಿನಗಳಲ್ಲಿ ಫೋನು ಬೇರೆ, ಗಣಕ ಬೇರೆ. ಮೊಬೈಲಿನಲ್ಲಿ ಹನ್ನೆರಡು ಗುಂಡಿಗಳು, ಬೆಂಕಿಪೊಟ್ಟಣದಷ್ಟು ಪರದೆ. ಒಂದೊಂದು ಗುಂಡಿಯಲ್ಲೂ ಮೂರು ನಾಲ್ಕು ರೋಮನ್ ಅಕ್ಷರಗಳು. 'ಬೆಂಗಳೂರು' ಎಂಬ ಪದವನ್ನು ರೋಮನ್ ಲಿಪಿಯಲ್ಲಿ ಬರೆಯಲು 9 ಅಕ್ಷರ ಬೇಕು, ಗುಂಡಿ ಒತ್ತಬೇಕಾದದ್ದು 18 ಸಲ. ಪದವನ್ನು ಊಹಿಸಿ ಕೊಡುವ ತಂತ್ರಾಂಶಗಳು ಬಂದಿದ್ದವು ನಿಜ, ಆದರೆ ಅವು ಇಂಗ್ಲಿಷ್ ಪದಗಳಿಗೆ ಒಗ್ಗಿದಷ್ಟು ನಮ್ಮ ಊರಿನ ಹೆಸರುಗಳಿಗೆ ಒಗ್ಗುತ್ತಿರಲಿಲ್ಲ.

ಇನ್ನೊಂದು ಪೆಟ್ಟಿಗೆ ಅಂಗೈ ಗಣಕ. 1996ರಲ್ಲಿ ಅಮೆರಿಕದಲ್ಲಿ ಬಂದ 'ಪೈಲಟ್' ಎಂಬ ಉಪಕರಣ ಇದನ್ನು ಜನಪ್ರಿಯಗೊಳಿಸಿತು. ಮುಂದೆ ಇದೇ 'ಪಾಮ್' ಎಂಬ ಹೆಸರಿನಲ್ಲಿ ಮನೆಮಾತಾಯಿತು. ಅಂಗಿಯ ಜೇಬಿನಲ್ಲಿ ಹಿಡಿಯುವ ಗಾತ್ರ, ಮುಟ್ಟಿದರೆ ತಿಳಿಯುವ ಪರದೆ, ಬರೆಯಲು ಒಂದು ಪ್ಲಾಸ್ಟಿಕ್ ಕಡ್ಡಿ. 'ಗ್ರಾಫಿಟಿ' ಎಂಬ ಲಿಪಿಯಲ್ಲಿ ಬಹುತೇಕ ಅಕ್ಷರಗಳನ್ನು ಒಂದೇ ಎಳೆತದಲ್ಲಿ ಬರೆಯಬೇಕಾಗಿತ್ತು. ರೋಮನ್ ವರ್ಣಮಾಲೆಯ ಮೊದಲನೆಯ ಅಕ್ಷರವನ್ನು ನಡುವಿನ ಅಡ್ಡಗೆರೆ ಬಿಟ್ಟು ಬರೆದರೆ ಯಂತ್ರಕ್ಕೆ ಅರ್ಥವಾಗುತ್ತಿತ್ತು. ಎರಡು ದಿನ ಅಭ್ಯಾಸ ಮಾಡಿದವರಿಗೆ ಗುಂಡಿ ಒತ್ತುವುದಕ್ಕಿಂತ ಇದೇ ಸುಲಭ. ಸ್ನೇಹಿತರ ವಿಳಾಸ, ದೂರವಾಣಿ ಸಂಖ್ಯೆ, ದಿನಚರಿ ಎಲ್ಲವೂ ಇಲ್ಲೇ ಇರುತ್ತಿದ್ದವು. ಇರದಿದ್ದದ್ದು ಒಂದೇ, ಹೊರಜಗತ್ತಿನೊಡನೆ ಮಾತನಾಡುವ ದಾರಿ.

ಬರೆಯಲು ಅನುಕೂಲವಿದ್ದ ಪೆಟ್ಟಿಗೆಗೆ ಕಳುಹಿಸಲು ಬರುತ್ತಿರಲಿಲ್ಲ. ಕಳುಹಿಸಬಲ್ಲ ಪೆಟ್ಟಿಗೆಯಲ್ಲಿ ಬರೆಯುವುದು ಕಷ್ಟ. ಎರಡನ್ನೂ ಜೋಡಿಸಿದರೆ ಹೇಗೆ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಮೊದಲು ತಂತಿ ಹಾಕಿದರು. ಆಮೇಲೆ ಟಿವಿಯ ರಿಮೋಟಿನಲ್ಲಿರುವಂತಹ ಅತಿಗೆಂಪು ಕಿರಣವನ್ನು ಬಳಸಿದರು. ಅದರಲ್ಲಿ ಎರಡೂ ಉಪಕರಣಗಳ ಕಣ್ಣುಗಳು ಎದುರುಬದುರಾಗಿ, ಹತ್ತಿರದಲ್ಲಿ ಇರಬೇಕಿತ್ತು. ಅಲುಗಾಡುವ ಬಸ್ಸಿನಲ್ಲಿ ಕುಳಿತು ತೊಡೆಯ ಮೇಲೆ ಎರಡು ಯಂತ್ರಗಳನ್ನು ಮುಖಾಮುಖಿ ಹಿಡಿದುಕೊಳ್ಳುವುದನ್ನು ಊಹಿಸಿಕೊಳ್ಳಿ.

ಈ ತೊಡಕನ್ನು ಬಿಡಿಸಿದ್ದು ಬ್ಲೂಟೂತ್. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಎರಿಕ್ಸನ್ ಕಂಪನಿಯ ಎಂಜಿನಿಯರುಗಳು 1994ರ ಸುಮಾರಿಗೆ ಇದರ ಕೆಲಸ ಶುರುಮಾಡಿದರು. ಡಚ್ ಎಂಜಿನಿಯರ್ ಯಾಪ್ ಹಾರ್ಟ್ಸನ್ ಅವರ ಹೆಸರು ಇದರೊಡನೆ ಸೇರಿಕೊಂಡಿದೆ. 1998ರಲ್ಲಿ ಎರಿಕ್ಸನ್, ನೋಕಿಯಾ, ಐಬಿಎಂ, ಇಂಟೆಲ್, ತೊಷಿಬಾ ಸೇರಿ ಒಂದು ಕೂಟ ರಚಿಸಿಕೊಂಡವು. ಹೆಸರು ಮಾತ್ರ ಹತ್ತನೆಯ ಶತಮಾನದ ಡೆನ್ಮಾರ್ಕಿನ ಒಬ್ಬ ದೊರೆಯದು, ಹೆರಾಲ್ಡ್ ಬ್ಲೂಟೂತ್, ಅಂದರೆ 'ನೀಲಿಹಲ್ಲಿನ' ಹೆರಾಲ್ಡ್. ಒಡೆದು ಹಂಚಿಹೋಗಿದ್ದ ಪಂಗಡಗಳನ್ನು ಒಂದುಗೂಡಿಸಿದವನೆಂಬ ಕಾರಣಕ್ಕೆ, ಬೇರೆ ಬೇರೆ ಕಂಪನಿಗಳ ಉಪಕರಣಗಳನ್ನು ಒಂದುಗೂಡಿಸುವ ತಂತ್ರಕ್ಕೆ ಅವನ ಹೆಸರಿಟ್ಟರು. ಬ್ಲೂಟೂತ್ ಚಿಹ್ನೆಯಲ್ಲಿ ಕಾಣುವ ಗೀಟುಗಳು ಅವನ ಹೆಸರಿನ ಎರಡು ಮೊದಲಕ್ಷರಗಳು, ಪ್ರಾಚೀನ ರೂನಿಕ್ ಲಿಪಿಯಲ್ಲಿ.

2001ರಲ್ಲಿ ಎರಿಕ್ಸನ್ ಟಿ39 ಮತ್ತು ಟಿ68ರಂತಹ ಬ್ಲೂಟೂತ್ ಫೋನುಗಳು ಬಂದವು. 2002ರ ಕೊನೆಯಲ್ಲಿ ಬಂದ ಪಾಮ್ ಟಂಗ್‌ಸ್ಟನ್ ಟಿ ಎಂಬ ಅಂಗೈ ಗಣಕದೊಳಗೇ ಬ್ಲೂಟೂತ್ ಇತ್ತು. ಎಸ್‌ಎಂಎಸ್ ಬರೆಯುವ ಒಂದು ತಂತ್ರಾಂಶವೂ ಅದರ ಜೊತೆಗೇ ಬರುತ್ತಿತ್ತು. ಫೋನು ಚೀಲದಲ್ಲೋ ಜೇಬಿನಲ್ಲೋ ಇರಲಿ, ಗಣಕ ಕೈಯಲ್ಲಿರಲಿ. ನಡುವೆ ತಂತಿ ಬೇಡ, ಎದುರುಬದುರು ಇರಬೇಕಾಗಿಯೂ ಇಲ್ಲ.

ಹತ್ತು ಮೀಟರಿನೊಳಗಿನ ಗಾಳಿಯಲ್ಲಿ

ಇಲ್ಲಿ ಎರಡು ಬೇರೆ ಬೇರೆ ರೇಡಿಯೋ ಪ್ರಯಾಣಗಳಿವೆ ಎಂಬುದನ್ನು ಗಮನಿಸಿ. ಗಣಕದಿಂದ ಫೋನಿಗೆ ಮೊದಲನೆಯದು, ಅದು ಬ್ಲೂಟೂತ್. ಫೋನಿನಿಂದ ಗೋಪುರಕ್ಕೆ ಎರಡನೆಯದು, ಅದು ಮೊಬೈಲ್ ಜಾಲ. ಇವೆರಡನ್ನೂ ಬೆರೆಸಿಕೊಂಡರೆ ಮುಂದಿನದು ಯಾವುದೂ ತಿಳಿಯುವುದಿಲ್ಲ.

ಮೊದಲನೆಯ ಪ್ರಯಾಣ ಚಿಕ್ಕದು. ಸಾಮಾನ್ಯ ಫೋನುಗಳ ಬ್ಲೂಟೂತ್ ಶಕ್ತಿ ಎರಡೂವರೆ ಮಿಲಿವಾಟಿನಷ್ಟು, ತಲುಪುವ ದೂರ ಸುಮಾರು 10 ಮೀಟರ್. ಅದು ಬಳಸುವುದು 2.4 ಗಿಗಾಹರ್ಟ್ಸ್ ಪಟ್ಟಿಯನ್ನು. ಅಡುಗೆಮನೆಯ ಮೈಕ್ರೋವೇವ್ ಒಲೆ, ವೈಫೈ ಎಲ್ಲವೂ ಗಲಾಟೆ ಮಾಡುವ ಜಾಗ ಅದೇ. ಈ ಗಲಾಟೆಯಿಂದ ತಪ್ಪಿಸಿಕೊಳ್ಳಲು ಬ್ಲೂಟೂತ್ ಒಂದೇ ಕಡೆ ನಿಲ್ಲುವುದಿಲ್ಲ. 79 ವಾಹಿನಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತಿರುತ್ತದೆ. ಎರಡೂ ಉಪಕರಣಗಳಿಗೆ ಮುಂದಿನ ಜಿಗಿತ ಎಲ್ಲಿಗೆ ಎಂಬುದು ಮೊದಲೇ ಗೊತ್ತಿರುವುದರಿಂದ ಜೊತೆಯಾಗಿಯೇ ಜಿಗಿಯುತ್ತವೆ. ಮಕ್ಕಳು ಕುಂಟೆಬಿಲ್ಲೆಯಲ್ಲಿ ಒಬ್ಬರ ಹಿಂದೊಬ್ಬರು ಮನೆ ಬದಲಾಯಿಸುವುದನ್ನು ನೆನೆಸಿಕೊಳ್ಳಿ. (ಹೀಗೆ ಜಿಗಿಯುವ ಸಂಕೇತದ ಒಂದು ಪೇಟೆಂಟು 1942ರಲ್ಲಿ ಸಿಕ್ಕಿದ್ದು ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಅವರಿಗೆ. ನಟಿಯೊಬ್ಬರಿಗೆ ಇದೆಲ್ಲ ಹೇಗೆ ಹೊಳೆಯಿತು ಎಂದು ಆಶ್ಚರ್ಯಪಡುವವರು ಇಂದಿಗೂ ಇದ್ದಾರೆ; ಆಶ್ಚರ್ಯಪಡಲು ನನಗಂತೂ ಕಾರಣ ಕಾಣದು.)

ಆದರೆ ಹತ್ತು ಮೀಟರಿನೊಳಗೆ ಬಂದ ಯಾವ ಗಣಕ ಬೇಕಾದರೂ ನಿಮ್ಮ ಫೋನಿನೊಡನೆ ಮಾತನಾಡಬಹುದೇ? ಮಾತನಾಡಬಾರದು. ಅದಕ್ಕಾಗಿಯೇ 'ಜೋಡಣೆ' ಎಂಬ ಶಾಸ್ತ್ರವಿದೆ. ಅಂಗೈ ಗಣಕ ಮೊದಲು "ಯಾರಿದ್ದೀರಿ?" ಎಂದು ಕೂಗುತ್ತದೆ. ಹತ್ತು ಸೆಕೆಂಡಿನಷ್ಟು ಹುಡುಕಿದ ಮೇಲೆ ಸುತ್ತಲಿನ ಉಪಕರಣಗಳ ಪಟ್ಟಿ ಪರದೆಗೆ ಬರುತ್ತದೆ. ನಿಮ್ಮ ಫೋನನ್ನು ಆರಿಸಿದಿರೋ, ಎರಡರಲ್ಲೂ ಒಂದೇ ಗುಪ್ತಸಂಖ್ಯೆಯನ್ನು ಒತ್ತಬೇಕು. ಆ ಸಂಖ್ಯೆಯಿಂದ ಎರಡೂ ಕಡೆ 128 ಬಿಟ್‌ಗಳ ಒಂದು ಕೀಲಿ ತಯಾರಾಗಿ ಸ್ಮೃತಿಯಲ್ಲಿ ಉಳಿಯುತ್ತದೆ. ಮರುದಿನ ಅದೇ ಗಣಕ ಬಂದು ಬಾಗಿಲು ತಟ್ಟಿದರೆ ಫೋನು ಕೀಲಿಯನ್ನು ಪರೀಕ್ಷಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಗುಪ್ತಸಂಖ್ಯೆಯನ್ನು ಮತ್ತೆ ಕೇಳುವುದಿಲ್ಲ. ಈ ವಾಕ್ಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಒಳಗೆ ಬಂದ ಗಣಕಕ್ಕೆ ಫೋನು ಒಂದು ಸುಳ್ಳು ತಂತಿಯನ್ನು ಕೊಡುತ್ತದೆ. ಹಿಂದೆ ಗಣಕಕ್ಕೂ ಮೋಡೆಮಿಗೂ ನಡುವೆ ಒಂದು ದಪ್ಪ ಸರಣಿ ಕೇಬಲ್ ಇರುತ್ತಿತ್ತು. ಬಿಟ್‌ಗಳು ಒಂದರ ಹಿಂದೊಂದರಂತೆ ಅದರಲ್ಲಿ ಹೋಗುತ್ತಿದ್ದವು. ಬ್ಲೂಟೂತ್ ಈ ಕೇಬಲಿನ ವೇಷ ಹಾಕುತ್ತದೆ. ತಂತ್ರಾಂಶಕ್ಕೆ ತಾನು ಗಾಳಿಯಲ್ಲಿ ಮಾತನಾಡುತ್ತಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಇದು ಬುದ್ಧಿವಂತಿಕೆಯ ಕೆಲಸ, ಏಕೆಂದರೆ ಇಪ್ಪತ್ತು ವರ್ಷಗಳಿಂದ ಆ ಕೇಬಲಿಗಾಗಿ ಬರೆದಿದ್ದ ತಂತ್ರಾಂಶವನ್ನೆಲ್ಲ ಹೊಸದಾಗಿ ಬರೆಯುವುದು ತಪ್ಪಿತು.

"ಇಲ್ಲಿ ಕೇಳು" ಎಂಬ ಹಳೆಯ ಭಾಷೆ

ಈಗ ನಮ್ಮ ವಿಷಯದ ಹೃದಯಕ್ಕೆ ಬಂದೆವು. ಸುಳ್ಳು ತಂತಿಯಲ್ಲಿ ಗಣಕ ಯಾವ ಭಾಷೆಯಲ್ಲಿ ಮಾತನಾಡುತ್ತದೆ? 1981ರಲ್ಲಿ ಅಮೆರಿಕದ ಹೇಯ್ಸ್ ಎಂಬ ಕಂಪನಿಯ ಮೋಡೆಮಿಗಾಗಿ ಮಾಡಿದ ಆಜ್ಞೆಗಳ ಭಾಷೆಯಲ್ಲಿ. ಆ ಮೋಡೆಮಿಗೆ ಕೊಡುವ ಪ್ರತಿ ಆಜ್ಞೆಯೂ 'ಎಟಿ' ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತಿತ್ತು. ಇಂಗ್ಲಿಷಿನ 'ಅಟೆನ್ಷನ್' ಪದದ ಮೊದಲ ಎರಡು ಅಕ್ಷರಗಳವು, "ಇಲ್ಲಿ ಕೇಳು" ಎಂದು ಹೇಳಿದ ಹಾಗೆ. ಮೋಡೆಮುಗಳ ಕಾಲ ಮುಗಿದರೂ ಈ ಭಾಷೆ ಸಾಯಲಿಲ್ಲ. ಜಿಎಸ್‌ಎಂ ಮೊಬೈಲಿನ ನಿಯಮಗಳನ್ನು ಬರೆದವರು ಅದಕ್ಕೇ ಹೊಸ ಪದಗಳನ್ನು ಸೇರಿಸಿದರು. ಕೆಳಗಿನ ಆಜ್ಞೆಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಯಂತ್ರಗಳ ನಡುವೆ ಅವು ರೋಮನ್ ದೊಡ್ಡಕ್ಷರಗಳಲ್ಲಿ ಹೋಗುತ್ತವೆ.

ಗಣಕ ಮೊದಲು 'ಎಟಿ' ಎನ್ನುತ್ತದೆ. ಫೋನು 'ಓಕೆ' ಎನ್ನುತ್ತದೆ. ಎಚ್ಚರವಾಗಿದ್ದೀಯಾ, ಇದ್ದೇನೆ. ಆಮೇಲೆ 'ಎಟಿ+ಸಿಎಂಜಿಎಫ್=1'. ಅಂದರೆ, ಸಂದೇಶವನ್ನು ಸರಳ ಪಠ್ಯವಾಗಿ ಕೊಡುತ್ತೇನೆ. ಮತ್ತೆ 'ಓಕೆ'. ಮೂರನೆಯದಾಗಿ 'ಎಟಿ+ಸಿಎಂಜಿಎಸ್=' ಎಂದು ಬರೆದು, ಉದ್ಧರಣ ಚಿಹ್ನೆಗಳ ನಡುವೆ ಸ್ನೇಹಿತನ ಸಂಖ್ಯೆಯನ್ನಿಡುತ್ತದೆ. ಈಗ ಫೋನು 'ಓಕೆ' ಎನ್ನುವುದಿಲ್ಲ, '>' ಎಂಬ ಒಂದು ಗುರುತನ್ನು ಮಾತ್ರ ಕಳುಹಿಸಿ ಸುಮ್ಮನೆ ಕಾಯುತ್ತದೆ. ಅಂಚೆ ಕಚೇರಿಯ ಗುಮಾಸ್ತರು ಪೆನ್ನು ಹಿಡಿದು "ಹೇಳಿ" ಎಂದ ಹಾಗೆ. ಗಣಕ ಸಂದೇಶವನ್ನು ಸುರಿದು, ಕೊನೆಯಲ್ಲಿ 26ನೆಯ ಸಂಕೇತವನ್ನು, ಅಂದರೆ ಕೀಲಿಮಣೆಯಲ್ಲಿ ಕಂಟ್ರೋಲ್ ಮತ್ತು ಜೆಡ್ ಒಟ್ಟಿಗೆ ಒತ್ತಿದಾಗ ಹುಟ್ಟುವ ಚಿಹ್ನೆಯನ್ನು, ಸೇರಿಸುತ್ತದೆ. ಮುಗಿಯಿತು ಎಂದು ಅದರ ಅರ್ಥ. ಕೆಲವು ಸೆಕೆಂಡು ಮೌನ. ಆಮೇಲೆ ಫೋನು '+ಸಿಎಂಜಿಎಸ್: 47' ಎಂದು ಒಂದು ರಸೀದಿ ಸಂಖ್ಯೆ ಕೊಟ್ಟು 'ಓಕೆ' ಎನ್ನುತ್ತದೆ.

ಆ ಕೆಲವು ಸೆಕೆಂಡುಗಳ ಮೌನದಲ್ಲೇ ಎರಡನೆಯ ರೇಡಿಯೋ ಪ್ರಯಾಣ ನಡೆದದ್ದು. ಫೋನು ಸಂದೇಶವನ್ನು ಗೋಪುರಕ್ಕೆ ದಾಟಿಸಿತು. ಅಲ್ಲಿಂದ ಅದು ನಿಮ್ಮ ಕಂಪನಿಯ ಸಂದೇಶ ಕೇಂದ್ರಕ್ಕೆ ಹೋಯಿತು. ಮಾತಿನ ಕರೆಗಳು ಹೋಗುವ ದಾರಿಯಲ್ಲಿ ಅಲ್ಲ, ಕರೆ ಬಂತು ಹೋಯಿತು ಎಂದು ಗೋಪುರ ಮತ್ತು ಫೋನು ತಮ್ಮತಮ್ಮೊಳಗೆ ಸಂಜ್ಞೆ ಮಾಡಿಕೊಳ್ಳುವ ಕಿರುದಾರಿಯಲ್ಲಿ. ಮಾತನಾಡುತ್ತಿರುವಾಗಲೇ ಸಂದೇಶ ಬಂದಿಳಿಯುವುದು ಇದರಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. 'ಕಳುಹಿಸಲಾಗಿದೆ' ಎಂದು ಪರದೆ ಹೇಳಿದರೆ ಸ್ನೇಹಿತನಿಗೆ ತಲುಪಿತು ಎಂದು ತಿಳಿಯುತ್ತಾರೆ. ಆ 'ಓಕೆ' ಎಂದರೆ ಕೇಂದ್ರ ಸಂದೇಶವನ್ನು ತೆಗೆದುಕೊಂಡಿತು ಎಂದಷ್ಟೇ. ಪತ್ರವನ್ನು ಪೆಟ್ಟಿಗೆಗೆ ಹಾಕಿದ ಸದ್ದು, ಮನೆಗೆ ಮುಟ್ಟಿದ ಸುದ್ದಿಯಲ್ಲ. ಸ್ನೇಹಿತನ ಫೋನು ಆರಿದ್ದರೆ ಕೇಂದ್ರ ಸಂದೇಶವನ್ನು ಇಟ್ಟುಕೊಂಡು ಕಾಯುತ್ತದೆ. ಅವನು ಫೋನು ಹಚ್ಚಿದೊಡನೆ ಜಾಲ ಕೇಂದ್ರವನ್ನು ಎಬ್ಬಿಸುತ್ತದೆ. ನಿಗದಿಯಾದ ಅವಧಿ ಮೀರಿದರೆ ಸಂದೇಶ ಕಸದ ಬುಟ್ಟಿಗೆ. ಮುಟ್ಟಿದ ಸುದ್ದಿ ಬೇಕೇಬೇಕು ಎನ್ನುವವರು ಬೇರೆಯಾಗಿ 'ತಲುಪಿದ ವರದಿ'ಯನ್ನು ಕೇಳಿಕೊಳ್ಳಬೇಕು. ಪರೀಕ್ಷೆಯ ದಿನಾಂಕ ಬದಲಾದ ಸುದ್ದಿಯನ್ನು ಕಳುಹಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಸ್ವೀಕರಿಸುವುದು ಕಳುಹಿಸುವುದಕ್ಕಿಂತ ತೊಡಕು. ಕಳುಹಿಸುವಾಗ ಗಣಕ ಎಚ್ಚರವಾಗಿರುತ್ತದೆ, ಏಕೆಂದರೆ ಅದು ನಿಮ್ಮ ಕೈಯಲ್ಲಿದೆ. ಸಂದೇಶ ಬರುವಾಗ ಅದು ಚೀಲದಲ್ಲಿ ನಿದ್ದೆ ಮಾಡುತ್ತಿರಬಹುದು. ಎಚ್ಚರವಿದ್ದರೆ ಫೋನು "ಸಿಮ್ಮಿನ ಮೂರನೆಯ ಮನೆಯಲ್ಲಿ ಹೊಸದೊಂದು ಬಂದಿದೆ" ಎಂದು ತಾನಾಗಿಯೇ ಹೇಳುವಂತೆ ಮಾಡಬಹುದು. 'ಎಟಿ+ಸಿಎನ್‌ಎಂಐ' ಎಂಬ ಆಜ್ಞೆ ಅದಕ್ಕಾಗಿಯೇ ಇದೆ. ಆಗ ಗಣಕ 'ಎಟಿ+ಸಿಎಂಜಿಆರ್=3' ಎಂದು ಕೇಳಿ ಓದಿಕೊಳ್ಳುತ್ತದೆ. ನಿದ್ದೆಯಲ್ಲಿದ್ದರೆ, ಎದ್ದ ಮೇಲೆ 'ಎಟಿ+ಸಿಎಂಜಿಎಲ್' ಎಂದು ಇಡೀ ಪಟ್ಟಿಯನ್ನೇ ತರಿಸಿಕೊಳ್ಳಬೇಕು. ಹಳೆಯ ಸಿಮ್ಮುಗಳಲ್ಲಿ ಹತ್ತಿಪ್ಪತ್ತು ಸಂದೇಶಗಳಿಗಷ್ಟೇ ಜಾಗ. ತುಂಬಿತೆಂದರೆ ಹೊಸದು ಒಳಗೆ ಬರುವುದಿಲ್ಲ, ಆದ್ದರಿಂದ ಓದಿದ್ದನ್ನು 'ಎಟಿ+ಸಿಎಂಜಿಡಿ' ಆಜ್ಞೆಯಿಂದ ಅಳಿಸುತ್ತಲೂ ಇರಬೇಕು. ಬರೆಯಲು, ಓದಲು, ಅಳಿಸಲು, ಎಲ್ಲಕ್ಕೂ ಆಜ್ಞೆ ಉಂಟು. ಫೋನಿನ ಮಾಲೀಕ ಬೆರಳಿನಿಂದ ಮಾಡಬಹುದಾದದ್ದನ್ನೆಲ್ಲ ಗಣಕ ಗಾಳಿಯಲ್ಲಿ ಮಾಡಬಲ್ಲದು.

ಕನ್ನಡದಲ್ಲಿ ಬರೆದರೆ

ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಎಂದು ಓದಿರುತ್ತೀರಿ. ಈ ಅಳತೆಯ ಹಿಂದೆ ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಅವರಿದ್ದಾರೆ. 1985ರಲ್ಲಿ ಅವರು ಬಾನ್ ನಗರದ ತಮ್ಮ ಮನೆಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ತೋಚಿದ ವಾಕ್ಯಗಳನ್ನು ಬರೆದು ಎಣಿಸಿ ನೋಡಿದರು. ಹೆಚ್ಚಿನವು 160ರೊಳಗೇ ಮುಗಿದವು. ಆದರೆ ಜಾಲ ನಿಜವಾಗಿ ಕೊಡುವುದು 160 ಅಕ್ಷರಗಳನ್ನಲ್ಲ, 140 ಬೈಟ್‌ಗಳನ್ನು. ಲೆಕ್ಕ ಹಾಕಿ. 140 ಬೈಟ್ ಎಂದರೆ 1120 ಬಿಟ್. ರೋಮನ್ ಅಕ್ಷರವೊಂದಕ್ಕೆ 7 ಬಿಟ್ ಸಾಕು, 1120ನ್ನು 7ರಿಂದ ಭಾಗಿಸಿದರೆ 160. ಕನ್ನಡದ ಚಿಹ್ನೆಗಳು ಆ 7 ಬಿಟ್‌ಗಳ ಪಟ್ಟಿಯಲ್ಲಿಲ್ಲ. ಯುನಿಕೋಡ್ ಬಳಸಬೇಕು, ಒಂದೊಂದಕ್ಕೂ 16 ಬಿಟ್ ಬೇಕು. 1120ನ್ನು 16ರಿಂದ ಭಾಗಿಸಿದರೆ ಬರುವುದು 70.

70 ಅಕ್ಷರವಾದರೂ ಸಿಕ್ಕಿತಲ್ಲ ಎಂದು ಸಮಾಧಾನಪಡಬೇಡಿ. ಅದು 70 ಸಂಕೇತ, 70 ಅಕ್ಷರವಲ್ಲ. ಕಣ್ಣಿಗೆ ಒಂದಾಗಿ ಕಾಣುವ 'ಸ್ತ್ರೀ' ಎಂಬುದು ಗಣಕಕ್ಕೆ ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ಕೊನೆಗೆ ಈಕಾರದ ಗುರುತು. "ಅಮ್ಮ, ನಾಳೆ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ" ಎಂಬ ಸಂದೇಶದಲ್ಲಿ ನಾವು ಎಣಿಸುವ ಅಕ್ಷರಗಳು 14. ಗಣಕದ ಎಣಿಕೆಯಲ್ಲಿ ಅವು 32, ಅಲ್ಪವಿರಾಮವನ್ನೂ ನಾಲ್ಕು ಖಾಲಿ ಜಾಗಗಳನ್ನೂ ಸೇರಿಸಿ 37. ಇಷ್ಟೇ ಉದ್ದದ ಇನ್ನೊಂದು ವಾಕ್ಯ ಸೇರಿಸಿದರೆ 70 ಮೀರಿತು, ಸಂದೇಶ ಎರಡು ತುಂಡಾಯಿತು. ತುಂಡುಗಳನ್ನು ಆ ಕಡೆ ಮತ್ತೆ ಜೋಡಿಸಲು ಪ್ರತಿಯೊಂದರ ತಲೆಯ ಮೇಲೂ 6 ಬೈಟ್‌ಗಳ ಒಂದು ಚೀಟಿ ಅಂಟಿಸಬೇಕು. ಆದ್ದರಿಂದ ತುಂಡಿಗೆ 67 ಸಂಕೇತ ಮಾತ್ರ. ಹಣವೂ ಎರಡು ಸಂದೇಶದ್ದು.

2002ರ ಅಂಗೈ ಗಣಕ ಬಳಸುತ್ತಿದ್ದ ಕನ್ನಡಿಗರಿಗೆ ಈ ಚಿಂತೆ ಅಷ್ಟಾಗಿ ಬರಲಿಲ್ಲ, ಏಕೆಂದರೆ ಅವರು ಸಾಮಾನ್ಯವಾಗಿ ಕನ್ನಡವನ್ನು ರೋಮನ್ ಲಿಪಿಯಲ್ಲೇ ಬರೆಯುತ್ತಿದ್ದರು. 'ಬರ್ತೀನಿ' ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುವ ರೂಢಿ ಬೆಳೆದದ್ದು ಆಗಲೇ, ಇಂದಿಗೂ ಹೋಗಿಲ್ಲ. ಮುಂದೆ ಜಾಲದ ನಿಯಮಗಳಲ್ಲಿ ಕನ್ನಡಕ್ಕೂ ಒಂದು 7 ಬಿಟ್‌ಗಳ ಪಟ್ಟಿಯನ್ನು ಸೇರಿಸಲಾಯಿತು. ಹಿಂದಿ, ತಮಿಳು, ತೆಲುಗು ಮೊದಲಾದವಕ್ಕೂ ಇದೆ. ಕಳುಹಿಸುವ ಫೋನು, ಸ್ವೀಕರಿಸುವ ಫೋನು ಎರಡಕ್ಕೂ ಈ ಪಟ್ಟಿ ತಿಳಿದಿದ್ದರೆ ಒಂದು ಸಂದೇಶದಲ್ಲಿ ಕನ್ನಡದ 150ಕ್ಕೂ ಹೆಚ್ಚು ಸಂಕೇತಗಳನ್ನು ತುಂಬಬಹುದು. ಎರಡೂ ಕಡೆ ತಿಳಿದಿರಬೇಕು ಎಂಬಲ್ಲೇ ತೊಡಕು. ಸ್ವೀಕರಿಸುವ ಫೋನಿಗೆ ತಿಳಿಯದಿದ್ದರೆ ಅಮ್ಮನಿಗೆ ಕಾಣುವುದು ಅರ್ಥವಿಲ್ಲದ ಗೀಚು.

ಯಾರ ಹೆಸರಿನಲ್ಲಿ?

ಆರಂಭದ ಎರಡನೆಯ ಪ್ರಶ್ನೆಗೆ ಈಗ ಬರೋಣ. ಗಣಕ ಬರೆಯಿತು, ಫೋನು ಕಳುಹಿಸಿತು. ಸ್ನೇಹಿತನ ಪರದೆಯ ಮೇಲೆ ಮೂಡುವುದು ನಿಮ್ಮ ಫೋನಿನ ಸಂಖ್ಯೆ. ಹಣ ಹೋಗುವುದು ನಿಮ್ಮ ಖಾತೆಯಿಂದ. ಇದನ್ನು ಬೆರಳೊತ್ತಿ ಬರೆದದ್ದೋ, ಗಾಳಿಯಲ್ಲಿ ಬಂದ ಆಜ್ಞೆಯಂತೆ ಕಳುಹಿಸಿದ್ದೋ ಎಂಬ ಸುಳಿವು ಸಂದೇಶದ ಒಳಗೆ ಎಲ್ಲೂ ಇಲ್ಲ. ಜಾಲಕ್ಕೆ ಗೊತ್ತಿರುವುದು ಸಿಮ್ ಕಾರ್ಡು ಒಂದೇ. ಹಾಗಾದರೆ ಯಾವುದೋ ಗಣಕವನ್ನು ನಿಮ್ಮ ಫೋನಿಗೆ ಜೋಡಿಸಿದಿರಿ ಎಂದರೆ ಏನು ಕೊಟ್ಟಂತಾಯಿತು? ನಿಮ್ಮ ಸಹಿಯನ್ನೇ ಕೊಟ್ಟಂತಾಯಿತು. ಜೊತೆಗೆ ನಿಮ್ಮ ಅಂಚೆಪೆಟ್ಟಿಗೆಯ ಬೀಗದ ಕೈಯನ್ನೂ.

ಇದು ಬರಿಯ ತರ್ಕವಲ್ಲ. 2004ರಲ್ಲಿ ಆಸ್ಟ್ರಿಯಾದ ಸಂಶೋಧಕ ಮಾರ್ಟಿನ್ ಹರ್ಫರ್ಟ್ 'ಬ್ಲೂಬಗ್' ಎಂಬ ದೋಷವನ್ನು ಬಯಲಿಗಿಟ್ಟರು. ಆ ಕಾಲದ ಕೆಲವು ಹೆಸರಾಂತ ಫೋನುಗಳಲ್ಲಿ ಗುರುತು ಕೇಳದೆಯೇ ಒಳಬಿಡುವ ಒಂದು ಹಿಂಬಾಗಿಲು ಉಳಿದುಹೋಗಿತ್ತು. ಜೋಡಣೆಯ ಶಾಸ್ತ್ರವಿಲ್ಲದೆ ಹೊರಗಿನ ಲ್ಯಾಪ್‌ಟಾಪು ಆ ಬಾಗಿಲಿನಿಂದ ಬಂದು, ನಾವು ಮೇಲೆ ನೋಡಿದ ಅವೇ ಎಟಿ ಆಜ್ಞೆಗಳನ್ನು ಕೊಡಬಹುದಾಗಿತ್ತು. ಮಾಲೀಕನಿಗೆ ತಿಳಿಯದಂತೆ ಅವನ ಸಂದೇಶ ಓದಬಹುದು, ಅವನ ಹೆಸರಿನಲ್ಲಿ ಕಳುಹಿಸಬಹುದು, ಕರೆಯನ್ನೂ ಮಾಡಬಹುದು. ಮರುವರ್ಷವೇ, 2005ರಲ್ಲಿ, ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದ ಯಾನಿವ್ ಶಾಕೆಡ್ ಮತ್ತು ಅವಿಷಾಯ್ ವೂಲ್ ಇನ್ನೊಂದನ್ನು ತೋರಿಸಿದರು. ಜೋಡಣೆ ನಡೆಯುವಾಗಿನ ಮಾತುಕತೆಯನ್ನು ಕದ್ದು ಕೇಳಿದವನಿಗೆ ನಾಲ್ಕಂಕಿಯ ಗುಪ್ತಸಂಖ್ಯೆಯನ್ನು ಕಂಡುಹಿಡಿಯಲು ಸಾಧಾರಣ ಗಣಕದಲ್ಲಿ ಒಂದು ಸೆಕೆಂಡೂ ಬೇಡ. ಇರುವುದೇ ಹತ್ತು ಸಾವಿರ ಸಾಧ್ಯತೆಗಳು, ಗಣಕಕ್ಕೆ ಅದು ಯಾವ ಲೆಕ್ಕ? ಮೇಲಾಗಿ ಜನ ಇಡುತ್ತಿದ್ದದ್ದು 0000 ಅಥವಾ 1234.

2007ರಲ್ಲಿ ಬಂದ ಬ್ಲೂಟೂತ್ 2.1 ಆವೃತ್ತಿ ಈ ಶಾಸ್ತ್ರವನ್ನೇ ಬದಲಾಯಿಸಿತು. ಈಗ ಎರಡೂ ಪರದೆಗಳ ಮೇಲೆ ಆರಂಕಿಯ ಒಂದು ಸಂಖ್ಯೆ ಮೂಡುತ್ತದೆ, ಎರಡೂ ಒಂದೇ ಎಂದು ನೀವು ನೋಡಿ ಒಪ್ಪಿಗೆ ಕೊಡಬೇಕು. ಕದ್ದು ಕೇಳಿದವನಿಗೆ ಆ ಸಂಖ್ಯೆ ಗೊತ್ತಾದರೂ ಕೀಲಿ ಸಿಗುವುದಿಲ್ಲ, ಏಕೆಂದರೆ ಕೀಲಿ ಹುಟ್ಟುವುದು ಬೇರೆಯೇ ಗಣಿತದಿಂದ. ಸಂಖ್ಯೆ ಇರುವುದು ನಡುವೆ ಇನ್ನೊಬ್ಬ ನುಸುಳಿಲ್ಲ ಎಂದು ನೀವು ಖಚಿತಪಡಿಸಿಕೊಳ್ಳಲು. ಅದನ್ನು ಓದದೆ 'ಹೌದು' ಒತ್ತುವವರೇ ಹೆಚ್ಚು ಎಂಬುದು ಬೇರೆ ಮಾತು.

ಅಂಗೈ ಗಣಕಗಳು ಹೋದವು. ಪಾಮ್ ಕಂಪನಿಯನ್ನು 2010ರಲ್ಲಿ ಎಚ್‌ಪಿ ಕೊಂಡುಕೊಂಡು, ಮರುವರ್ಷ ಆ ಉಪಕರಣಗಳ ತಯಾರಿಯನ್ನು ನಿಲ್ಲಿಸಿತು. ಫೋನು, ಗಣಕ ಎರಡೂ ಒಂದೇ ಪೆಟ್ಟಿಗೆಯಾದ ಮೇಲೆ ಅವುಗಳ ಅಗತ್ಯವೂ ಉಳಿಯಲಿಲ್ಲ. ಆದರೆ ಸಂದೇಶವನ್ನು ಇನ್ನೊಂದು ಪರದೆಯಲ್ಲಿ ನೋಡುವ ಆಸೆ ಹೋಗಲಿಲ್ಲ. 2009ರಲ್ಲಿ ಬ್ಲೂಟೂತ್ ಕೂಟ ಅದಕ್ಕಾಗಿಯೇ ಒಂದು ಪ್ರತ್ಯೇಕ ನಿಯಮಾವಳಿಯನ್ನು ಮಾಡಿತು. ಎಟಿ ಆಜ್ಞೆಗಳ ಬದಲು ಸಂದೇಶಗಳನ್ನು ಕಡತಗಳಂತೆ ಕೇಳಿ ಪಡೆಯುವ ಕ್ರಮ ಅದು. ಕಾರಿನ ಪರದೆ ನಿಮ್ಮ ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳುವುದು ಸಾಮಾನ್ಯವಾಗಿ ಇದರಿಂದ. ಜೋಡಿಸುವಾಗ "ಸಂದೇಶಗಳನ್ನು ಓದಲು ಅನುಮತಿ ಕೊಡಲೇ?" ಎಂದು ಫೋನು ಬೇರೆಯಾಗಿ ಕೇಳುವುದನ್ನು ನೀವು ಕಂಡಿರಬಹುದು. ಹಾಡು ಕೇಳುವುದಕ್ಕಷ್ಟೇ ಜೋಡಿಸುವವರು ಅಲ್ಲಿ 'ಬೇಡ' ಎನ್ನಬಹುದು, ಹಾಡು ನಿಲ್ಲುವುದಿಲ್ಲ.

ಹರ್ಫರ್ಟ್ ದೋಷ ತೋರಿಸಿದ ಕಾಲದಲ್ಲಿ ಕಳ್ಳನಿಗೆ ಸಿಗುತ್ತಿದ್ದದ್ದು ಬಹುಮಟ್ಟಿಗೆ ಹಬ್ಬದ ಶುಭಾಶಯಗಳು. ಇಂದು ಬ್ಯಾಂಕಿನ ಒಂದು ಬಾರಿಯ ಗುಪ್ತಸಂಖ್ಯೆ, ಅಂದರೆ ಓಟಿಪಿ, ಬರುವುದೂ ಅದೇ ಎಸ್‌ಎಂಎಸ್‌ನಲ್ಲಿ. ಬಾಡಿಗೆ ಕಾರಿಗೆ ಒಂದು ದಿನದ ಮಟ್ಟಿಗೆ ಜೋಡಿಸಿದ ಫೋನು, ಮಾರಿಬಿಟ್ಟ ಹಳೆಯ ಲ್ಯಾಪ್‌ಟಾಪು, ಸ್ನೇಹಿತನಿಗೆ ಕೊಟ್ಟ ಕೈಗಡಿಯಾರ, ಎಲ್ಲದರಲ್ಲೂ ಕೀಲಿ ಉಳಿದಿರುತ್ತದೆ. ಗುಪ್ತಸಂಖ್ಯೆಯನ್ನು ಮತ್ತೆ ಕೇಳುವುದಿಲ್ಲ ಎಂದು ಮೇಲೆ ಹೇಳಿದ ವಾಕ್ಯ ಇಲ್ಲಿ ಬೇಕಾಯಿತು. ಫೋನಿನ ಬ್ಲೂಟೂತ್ ಪುಟದಲ್ಲಿ ಜೋಡಿಸಿದ ಉಪಕರಣಗಳ ಪಟ್ಟಿ ಇರುತ್ತದೆ. ಬಳಕೆಯಲ್ಲಿಲ್ಲದ ಹೆಸರಿನ ಮೇಲೆ ಒತ್ತಿ 'ಮರೆತುಬಿಡು' ಎಂದರೆ ಕೀಲಿ ಅಳಿಯುತ್ತದೆ. ಎರಡು ನಿಮಿಷದ ಕೆಲಸ.

ಆಜ್ಞೆಗಳನ್ನು ಕೈಯಾರೆ ಕೊಟ್ಟು ನೋಡಬೇಕೆಂಬ ಕುತೂಹಲವಿರುವವರಿಗೆ ದಾರಿ ಇನ್ನೂ ಇದೆ. ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸಿಮ್900, ಸಿಮ್800 ಎಂಬ ಸಣ್ಣ ಜಿಎಸ್‌ಎಂ ಫಲಕಗಳು ಬಳಕೆಯಲ್ಲಿವೆ. ನಮ್ಮ ಹಳ್ಳಿಗಳಲ್ಲಿ ರೈತರು ಮನೆಯಲ್ಲೇ ಕುಳಿತು ತೋಟದ ಪಂಪ್‌ಸೆಟ್ ಹಚ್ಚುವ ಮೊಬೈಲ್ ಸ್ಟಾರ್ಟರುಗಳ ಹೊಟ್ಟೆಯಲ್ಲೂ ಇಂತಹದೇ ಫಲಕ ಇರುತ್ತದೆ. ಈ ಎರಡೂ ಹಳೆಯ 2ಜಿ ತರಂಗದವು, ಆದ್ದರಿಂದ 2ಜಿ ಸೇವೆ ಉಳಿಸಿಕೊಂಡಿರುವ ಕಂಪನಿಯ ಸಿಮ್ ಹಾಕಿ. ಗಣಕಕ್ಕೆ ಸರಣಿ ತಂತಿಯಿಂದ ಜೋಡಿಸಿ, ಟರ್ಮಿನಲ್ ತಂತ್ರಾಂಶದಲ್ಲಿ ಮೊದಲು 'ಎಟಿ' ಎಂದು ಒತ್ತಿ. ಉತ್ತರ ಬಂದರೆ ಮೇಲಿನ ಕ್ರಮದಲ್ಲೇ ಮುಂದುವರಿಯಿರಿ, ಸ್ನೇಹಿತನ ಬದಲು ನಿಮ್ಮದೇ ಇನ್ನೊಂದು ಸಂಖ್ಯೆಗೆ ಕಳುಹಿಸಿ. 'ಓಕೆ'ಯ ಬದಲು ದೋಷ 310 ಎಂದು ಬಂದರೆ ಸಿಮ್ ಸರಿಯಾಗಿ ಕುಳಿತಿಲ್ಲ. 322 ಎಂದರೆ ಸ್ಮೃತಿ ತುಂಬಿದೆ, ಹಳೆಯದನ್ನು ಅಳಿಸಿ. 330 ಎಂದರೆ ಸಂದೇಶ ಕೇಂದ್ರದ ಸಂಖ್ಯೆ ಫಲಕಕ್ಕೆ ತಿಳಿದಿಲ್ಲ, 'ಎಟಿ+ಸಿಎಸ್‌ಸಿಎ?' ಎಂದು ಕೇಳಿ, ಖಾಲಿ ಬಂದರೆ ಅದೇ ಸಿಮ್ಮನ್ನು ಫೋನಿಗೆ ಹಾಕಿ ಸಂದೇಶದ ಸೆಟ್ಟಿಂಗಿನಲ್ಲಿ ಆ ಸಂಖ್ಯೆಯನ್ನು ನೋಡಿಕೊಂಡು ಬನ್ನಿ.